ಮಗ್ಗದ ಮೇಲಿನ ಸೀರೆ, ಕ್ಯಾಸೆಟ್ಟಿನೊಳಗಿನ ಪದ

ನನ್ನ ತಮ್ಮನ ಮಗಳ ಧಾರೆ ಸೀರೆ ನೇಯ್ದು ಮುಗಿದಿತ್ತು. ಆದರೆ ಮಗ್ಗದಿಂದ ಇಳಿದಿರಲಿಲ್ಲ. ಇಳಿಯದಿದ್ದುದಕ್ಕೆ ಕಾರಣ ನಾನು ಮತ್ತು ನನ್ನ ಲ್ಯಾಪ್‌ಟಾಪು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಹಾಲು ಹಾಕುವವನಿಗೂ ಗೊತ್ತಿತ್ತು. 'ಏನ್ ಸಾ, ಪದ ಕಂಪ್ಯೂಟ್ರೊಳಕ್ಕೆ ಓಯ್ತಾ?' ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದ. ನಾನು 'ಓಯ್ತಾ ಅದ ಕಣಪ್ಪ' ಎಂದು ಗಂಭೀರವಾಗಿ ಹೇಳಿ ಪಾತ್ರೆ ಹಿಡಿಯುತ್ತಿದ್ದೆ.

ವಿಷಯ ಇಷ್ಟು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬೇರೆ ನೇಕಾರರ ಮನೆಗಳಲ್ಲಿ ಉಂಟೋ ಇಲ್ಲವೋ ನಾನು ಕಾಣೆ. ಮನೆಯ ಹೆಣ್ಣುಮಗಳ ಮದುವೆ ಸೀರೆಯನ್ನು ಮನೆಯ ಮಗ್ಗದಲ್ಲೇ ನೇಯಬೇಕು. ನೇಯ್ದ ಮೇಲೆ ಸುಮ್ಮನೆ ಕತ್ತರಿ ಹಾಕಿ ಮಡಿಸಿ ಇಡುವ ಹಾಗಿಲ್ಲ. ಮನೆಗೆ ಹಿರಿಯಳಾದ ಹೆಂಗಸು ಮಗ್ಗದ ಪಕ್ಕ ಮಣೆ ಹಾಕಿ ಕೂತು ಒಂದು ಪದ ಹೇಳಬೇಕು. ಪದ ಮುಗಿದ ಮೇಲೇ ಸೀರೆ ಇಳಿಯುವುದು. ಹಿರಿಯಳು ಬದುಕಿರುವಾಗ ಕಿರಿಯರು ಆ ಪದಕ್ಕೆ ಬಾಯಿ ಹಾಕುವಂತಿಲ್ಲ.

ಪದ ಉದ್ದ. ಹಿಪ್ಪುನೇರಳೆ ಸೊಪ್ಪಿನಿಂದ ಶುರುವಾಗಿ ರೇಷ್ಮೆಹುಳು, ಗೂಡು, ನೂಲು ಬಿಚ್ಚಿದವರು, ಬಣ್ಣ ಅದ್ದಿದವರು, ಮಗ್ಗಕ್ಕೆ ಹಾಸಿನ ಉದ್ದೆಳೆ ಹೂಡಿದವರು ಎಲ್ಲರನ್ನೂ ಒಬ್ಬೊಬ್ಬರಾಗಿ ನೆನೆದು, ಕೊನೆಗೆ ಮಗ್ಗ ಬಿಟ್ಟು ಹೊರಡುವ ಸೀರೆಗೂ ಮನೆ ಬಿಟ್ಟು ಹೊರಡುವ ಹುಡುಗಿಗೂ ಒಟ್ಟಿಗೇ ಬುದ್ಧಿ ಹೇಳಿ ಮುಗಿಯುತ್ತದೆ. ಒಂದು ನುಡಿ ಬಿಟ್ಟರೂ ಅವ್ವ ಒಪ್ಪುತ್ತಿರಲಿಲ್ಲ. ಬಿಟ್ಟರೆ ಆ ಕೆಲಸ ಮಾಡಿದವರಿಗೆ ಅನ್ಯಾಯ ಎನ್ನುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಆ ಪದವನ್ನು ಅವ್ವನೇ ಹೇಳಿದ್ದು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಬಂದ ಮೊದಲ ಮದುವೆ ಇದು.

ಈಗ ಹಿರಿಯಳೆಂದರೆ ಹನೂರಿಗೆ ಕೊಟ್ಟಿರುವ ನಮ್ಮ ಅಕ್ಕ. ಫೋನ್ ಮಾಡಿ ಕೇಳಿದರೆ ಅಕ್ಕ ಸುತರಾಂ ಒಪ್ಪಲಿಲ್ಲ.

'ನಂಗ್ ಬರಾಕಿಲ್ಲ ಕಣ್ಲಾ. ಮೊದಲ್ನೇ ಎರಡು ನುಡಿ ಬತ್ತದ, ಆಮ್ಯಾಕ ಏನೂ ಇಲ್ಲ' ಎಂದಳು.

'ಅವ್ವನ ಪಕ್ಕದಲ್ಲೇ ಕೂತು ಕೇಳ್ತಿದ್ದಲ್ಲಕ್ಕ.'

'ಕೇಳೋದೇ ಬ್ಯಾರೆ, ಏಳೋದೇ ಬ್ಯಾರೆ. ಅರ್ಧಂಬರ್ಧ ಏಳಿ ಮಗೀನ್ ಮದ್ವೇಲಿ ಯಾಕ್ ಬೇಕು.'

ನನ್ನ ಹೆಂಡತಿಗೆ ಪದ ಅಷ್ಟಿಷ್ಟು ಬರುತ್ತದೆ. 'ನಾನ್ ಬಾಯ್ ಬುಟ್ರ ನಿಮ್ಮಕ್ಕ ಮದ್ವೆಗೇ ಬರಾಕಿಲ್ಲ, ನನ್ನ ಇದ್ರಾಗೆ ಎಳೀಬ್ಯಾಡಿ' ಎಂದು ಒಳಗೆ ಹೋದಳು. ಹೀಗೆ ಸೀರೆ ಮಗ್ಗದ ಮೇಲೆ ಕೂತಿತು. ತಮ್ಮ ಅದಕ್ಕೊಂದು ಹಳೇ ಪಂಚೆ ಹೊದಿಸಿ, ಇನ್ನೊಂದು ಮಗ್ಗಕ್ಕೆ ಹೋಗಿ ಕೂತ.

ಕ್ಯಾಸೆಟ್ಟಿನ ನೆನಪು ಬಂದದ್ದು ತಮ್ಮನಿಗೇ. ಅಕ್ಕನ ಮಗಳ ಮದುವೆ ಸೀರೆ ಇಳಿಸಿದ ದಿನ ನಮ್ಮ ಭಾವ ಹನೂರಿನಿಂದ ತಮ್ಮ ಟೇಪ್‌ರೆಕಾರ್ಡರ್ ಹೊತ್ತು ತಂದು ಅವ್ವನ ಪದ ರೆಕಾರ್ಡ್ ಮಾಡಿದ್ದರು. ಹುಡುಕಿದರೆ ಜರಿ ಉಂಡೆಗಳನ್ನಿಡುವ ಬೀರುವಿನಲ್ಲಿ ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಜೀವ ಬಂದ ಹಾಗಾಯಿತು. ಕ್ಯಾಸೆಟ್ ಹಾಕುವುದು, ಅಕ್ಕ ಕೇಳುವುದು, ಮರೆತ ನುಡಿ ಕಲಿಯುವುದು, ಸೀರೆ ಇಳಿಸುವುದು. ಅಲ್ಲಿಗೆ ಮುಗಿಯಬೇಕಾಗಿದ್ದ ಕೆಲಸ ಅದು. ಆದರೆ ನಾನಿದ್ದೆನಲ್ಲ.

ನಾನು ಹೇಳಿದೆ: 'ಹಂಗೆಲ್ಲಾ ಹಾಕಬಾರದು. ಟೇಪು ಹಳೇದಾಗಿ ಜೀರ್ಣವಾಗಿರುತ್ತೆ. ಸಾವಿರ ಸಲ ಹಾಕಿ ತೆಗೆದು ಮಾಡಿದರೆ ಕಿತ್ತುಹೋಗುತ್ತೆ. ಒಂದೇ ಸಲ ಹಾಕಬೇಕು, ಹಾಕುವಾಗಲೇ ಕಂಪ್ಯೂಟರಿಗೆ ಇಳಿಸಬೇಕು. ಆಮೇಲೆ ಅಕ್ಕನ ಫೋನಿಗೆ ಕಳಿಸ್ತೀನಿ, ಎಷ್ಟು ಸಲ ಬೇಕಾದರೂ ಕೇಳಲಿ.' ಎಲ್ಲರೂ ತಲೆ ಆಡಿಸಿದರು. ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಮನೆಯವರು ನನ್ನ ಮಾತು ಮೀರುವವರಲ್ಲ.

ಈ ಮರ್ಯಾದೆ ನನಗೆ ಹೇಗೆ ಬಂತು ಎನ್ನುವುದನ್ನೂ ಹೇಳಬೇಕು. ನಾನು ಯಳಂದೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದೆ. ನಮ್ಮ ಕಚೇರಿಗೆ ಕಂಪ್ಯೂಟರು ಬಂದಾಗ ಉಳಿದವರೆಲ್ಲ ಅದನ್ನು ಮುಟ್ಟಲು ಹೆದರಿದರು. ನಾನು ಹೆದರಲಿಲ್ಲ, ಅಷ್ಟೇ. ಪ್ರಿಂಟರು ನಿಂತರೆ ಮುಚ್ಚಳ ತೆಗೆದು ಒಳಗೆ ಇಣುಕಿ 'ಹೂಂ' ಎಂದು ಮತ್ತೆ ಮುಚ್ಚುತ್ತಿದ್ದೆ. ಬಹಳ ಸಲ ಅದು ಓಡುತ್ತಿತ್ತು. ಇಷ್ಟು ಸಾಕಾಯಿತು, ಊರೆಲ್ಲ ನನ್ನನ್ನು ಕಂಪ್ಯೂಟರ್ ಬಲ್ಲವನೆಂದು ಕರೆಯಿತು. ನಿವೃತ್ತನಾದ ಮೇಲೆ ಆ ಹೆಸರು ಉಳಿಸಿಕೊಳ್ಳಲಿಕ್ಕಾದರೂ ಇರಲಿ ಎಂದು ಒಂದು ಲ್ಯಾಪ್‌ಟಾಪ್ ಕೊಂಡೆ. ಅದರಲ್ಲಿ ಇಸ್ಪೀಟು ಆಡುತ್ತೇನೆ. ಬಾಗಿಲು ತಟ್ಟಿದ ಸದ್ದಾದರೆ ಬೇರೆ ಯಾವುದಾದರೂ ಕಿಟಕಿ ತೆರೆದು ಹುಬ್ಬು ಗಂಟಿಕ್ಕುತ್ತೇನೆ.

ಟೇಪ್‌ರೆಕಾರ್ಡರ್ ಈಗಲೂ ಹನೂರಿನಲ್ಲಿ ಭಾವನ ಬಳಿಯೇ ಇತ್ತು. ಭಾವ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ ದೇವರ ಹಾಗೆ ಇಟ್ಟಿದ್ದಾರೆ. ಬೇರೆ ಯಾರ ಕೈಗೂ ಕೊಡುವುದಿಲ್ಲ ಎಂದು ಹಟ ಹಿಡಿದು, ಕೊನೆಗೆ ಅಕ್ಕನೇ ಜೊತೆಯಲ್ಲಿ ಹೋಗಿ ಜೊತೆಯಲ್ಲೇ ವಾಪಸು ತರಬೇಕೆಂಬ ಷರತ್ತಿನ ಮೇಲೆ ಬಿಟ್ಟರು. ಅಕ್ಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಇಳಿದವಳೇ, 'ತಕ, ನಿಮ್ಮ ಭಾವನ ಜೀವ ತಂದಿವ್ನಿ. ಒಂದು ಗೀರು ಬಿದ್ರೂ ನಾನು ಅನೂರಿಗೆ ಓಗಂಗಿಲ್ಲ' ಎಂದಳು.

ಟೇಪ್‌ರೆಕಾರ್ಡರಿನ ಬೆನ್ನಿನಲ್ಲಿ ಲೈನ್ ಔಟ್ ಎಂದು ಬರೆದ ಒಂದು ತೂತಿತ್ತು. ಲ್ಯಾಪ್‌ಟಾಪಿನ ಪಕ್ಕೆಯಲ್ಲೂ ಒಂದು ತೂತಿತ್ತು. ಎರಡು ತೂತು, ನಡುವೆ ಒಂದು ವೈರು. ಇದರಲ್ಲಿ ಬ್ರಹ್ಮವಿದ್ಯೆ ಏನಿದೆ ಎಂದುಕೊಂಡು ಪೇಟೆಯಿಂದ ವೈರು ತಂದು ಸಿಕ್ಕಿಸಿದೆ. ಸಿಕ್ಕಿಸಿದ ತಕ್ಷಣ ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಎದ್ದಿತು. ನೀವು ಈಗ ಸಿಕ್ಕಿಸಿದ್ದು ಹೆಡ್‌ಫೋನೋ, ಮೈಕೋ, ಇನ್ನೇನೋ ಎಂದು ಲ್ಯಾಪ್‌ಟಾಪು ಕೇಳುತ್ತಿತ್ತು. ಕಚೇರಿಯಲ್ಲಿ ಬಾಳ್ವೆ ಮಾಡಿದವನು ನಾನು; ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಕ್ಕಕ್ಕಿಡುವುದು ನನಗೆ ಚೆನ್ನಾಗಿ ಬರುತ್ತದೆ. ಮೂಲೆಯಲ್ಲಿದ್ದ ಗುಣಾಕಾರದ ಗುರುತು ಒತ್ತಿ ಅದನ್ನು ಮುಚ್ಚಿದೆ.

ಅವ್ವನ ಕ್ಯಾಸೆಟ್ಟನ್ನು ಮುಟ್ಟದೆ, ಮೊದಲು ಮನೆಯಲ್ಲಿದ್ದ ಒಂದು ಭಕ್ತಿಗೀತೆಯ ಕ್ಯಾಸೆಟ್ ಹಾಕಿ ನೋಡಿದೆ. ಟೇಪ್‌ರೆಕಾರ್ಡರು ಹಾಡಿತು. ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿನ ಕೆಂಪು ಗುಂಡಿ ಒತ್ತಿದೆ. ಸದ್ದು ಬಂದರೆ ಪರದೆಯ ಮೇಲೆ ಒಂದು ಗೆರೆ ಮೇಲೆ ಕೆಳಗೆ ಕುಣಿಯಬೇಕು. ಗೆರೆ ನೆಟ್ಟಗೆ ಮಲಗಿತ್ತು. ವೈರು ಕಿತ್ತು ಮತ್ತೆ ಸಿಕ್ಕಿಸಿದೆ, ತಿರುಗಿಸಿ ಸಿಕ್ಕಿಸಿದೆ, ಪಿನ್ನನ್ನು ಪಂಚೆಯಲ್ಲಿ ಒರೆಸಿ ಸಿಕ್ಕಿಸಿದೆ. ಸದ್ದಿನ ಗುಂಡಿಗಳನ್ನೆಲ್ಲ ಪೂರ್ತಿ ಏರಿಸಿದೆ. ಗೆರೆ ಮಿಸುಕಲಿಲ್ಲ. ಹೀಗೆ ಒಂದು ದಿನವಲ್ಲ, ಎರಡು ದಿನವಲ್ಲ. ತಮ್ಮ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು 'ಆಯ್ತಾ ಅಣ್ಣಾ?' ಎನ್ನುವನು. ಮದುವೆ ಹತ್ತಿರ ಬರುತ್ತಿತ್ತು, ಸೀರೆಯ ಸೆರಗಿಗೆ ಕುಚ್ಚು ಕಟ್ಟಬೇಕು, ಅದಕ್ಕೆ ಹೊಂದುವ ರವಿಕೆ ಹೊಲಿಸಬೇಕು. ಅವನು ಅದೊಂದನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದುದಕ್ಕೇ ನನಗೆ ರೇಗುತ್ತಿತ್ತು. 'ಆದಾಗ ಹೇಳ್ತೀನಿ, ಹೋಗಿ ಮಗ್ಗ ಹೊಡಿ' ಎಂದು ಗದರುತ್ತಿದ್ದೆ.

ಕೊನೆಗೆ ಯಳಂದೂರಿನ ನನ್ನ ಹಳೇ ಸಹೋದ್ಯೋಗಿಯೊಬ್ಬನಿಗೆ ಫೋನ್ ಮಾಡಿದೆ. ಅವನೂ ನನ್ನ ಜಾತಿಯ ಕಂಪ್ಯೂಟರ್ ಪಂಡಿತನೇ. 'ಆಫ್ ಮಾಡಿ ಆನ್ ಮಾಡಿದ್ರಾ?' ಎಂದ. ಮಾಡಿದೆ ಎಂದೆ. 'ಇನ್ನೊಂದ್ ಸಲ ಮಾಡಿ' ಎಂದ. ಮಾಡಿದೆ. ಆಮೇಲೆ ಬಹಳ ಯೋಚನೆ ಮಾಡಿ, 'ಸೆಟ್ಟಿಂಗ್ಸಲ್ಲಿ ಮೈಕಿಗೆ ಪರ್ಮಿಷನ್ ಕೊಟ್ಟಿದ್ದೀರಾ ನೋಡಿ' ಎಂದ. ನೋಡಿದರೆ ಕೊಟ್ಟಿರಲಿಲ್ಲ. ಅನುಮತಿ ಇಲ್ಲದೆ ಕೆಲಸ ಮಾಡದ ಯಂತ್ರವೊಂದು ಸಿಕ್ಕಿತಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿ ಅನುಮತಿ ಕೊಟ್ಟೆ. ಗೆರೆ ಕುಣಿಯಿತು.

ನನ್ನ ಸಂತೋಷ ಕೇಳಬೇಡಿ. ಭಕ್ತಿಗೀತೆಯನ್ನು ಒಂದು ಪಕ್ಕ ಪೂರ್ತಿ ಇಳಿಸಿ ಎಲ್ಲರನ್ನೂ ಕರೆದು ಕೇಳಿಸಿದೆ. ಹಾಡು ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತಿತ್ತು. ಹಳೇ ಕ್ಯಾಸೆಟ್ಟು, ಹಾಗೇ ಇರುತ್ತೆ ಎಂದೆ. ಹಾಡಿನ ಉದ್ದಕ್ಕೂ ಪಕ್ಕದ ಮನೆಯ ಮಗ್ಗದ ದಡಕ್ ದಡಕ್ ಇತ್ತು. ಬೇರೆ ಊರಿನವರು ಯಾರಾದರೂ ಕೇಳಿದ್ದರೆ ದೇವರ ಹಾಡಿನೊಳಗೆ ಮಗ್ಗ ಎಲ್ಲಿಂದ ಬಂತು ಸ್ವಾಮಿ ಎಂದು ಕೇಳುತ್ತಿದ್ದರು. ನಾವು ಮನೆಮಂದಿಯೆಲ್ಲ ಕೂತು ಕೇಳಿದೆವು, ಒಬ್ಬರೂ ಆ ಪ್ರಶ್ನೆ ಎತ್ತಲಿಲ್ಲ. ನೇಕಾರರ ಬೀದಿಯಲ್ಲಿ ಹುಟ್ಟಿದವರಿಗೆ ಮಗ್ಗ ನಿಂತರೆ ಮಾತ್ರ ಕಿವಿ ನಿಮಿರುತ್ತದೆ. ಓಡುತ್ತಿರುವ ಮಗ್ಗ ನಮಗೆ ಸದ್ದೇ ಅಲ್ಲ. 'ಚೆನ್ನಾಗ್ ಬಂದದ' ಎಂದು ತಮ್ಮ ಹೇಳಿದ. ನಾನು ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ.

ಮಾರನೆಯ ಬೆಳಿಗ್ಗೆ ಅವ್ವನ ಕ್ಯಾಸೆಟ್ಟು. ಹೆಂಡತಿ ದೀಪ ಹಚ್ಚಿದಳು. ತಮ್ಮ ಬಾಗಿಲಿಗೆ ಒರಗಿ ನಿಂತ, ಅವನ ಮಗಳು ನೆಲದ ಮೇಲೆ ಕೂತಳು. ಅಕ್ಕ ನನ್ನ ಮಗ್ಗುಲಲ್ಲೇ, ಟೇಪ್‌ರೆಕಾರ್ಡರಿನ ಮುಂದೆ, ಕುರ್ಚಿ ಹಾಕಿಸಿಕೊಂಡು ಕೂತಳು. ಎಲ್ಲರೂ ಉಸಿರು ಬಿಗಿಹಿಡಿದಿರುವುದನ್ನು ಕಂಡು ನಾನು ಕೆಂಪು ಗುಂಡಿ ಒತ್ತಿ, ದೊಡ್ಡ ಮನಸ್ಸು ಮಾಡಿ ಹೇಳಿದೆ: 'ಹೆದರಬೇಡಿ. ಇದು ವೈರಿನಲ್ಲಿ ಹೋಗೋದು. ನಾವು ಮಾತಾಡಿದ್ದು ಕೆಮ್ಮಿದ್ದು ಒಂದೂ ಇದಕ್ಕೆ ಕೇಳಿಸಲ್ಲ.'

ಟೇಪು ತಿರುಗಿತು. ವರ್ಷಗಟ್ಟಲೆ ತಿರುಗದೆ ಬಿಗಿದುಕೊಂಡಿದ್ದ ಕ್ಯಾಸೆಟ್ಟು; ಯಂತ್ರ ಅದನ್ನು ಗೊಣಗುತ್ತಾ ಎಳೆಯಿತು. ಅವ್ವನ ದನಿ ಬಂತು. ಆದರೆ ನಿಧಾನ, ದಪ್ಪ, ನಿದ್ದೆಗಣ್ಣಿನಲ್ಲಿ ಯಾರೋ ಗಂಡಸು ಹಾಡಿದ ಹಾಗೆ. ಆದರೂ ಸ್ಪೀಡು ಆಮೇಲೆ ಸರಿ ಮಾಡಬಹುದು ಎಂದು ಎಲ್ಲೋ ಕೇಳಿದ್ದೆನಾದ್ದರಿಂದ ಧೈರ್ಯಗೆಡದೆ ಗೆರೆಯ ಮೇಲೇ ಕಣ್ಣಿಟ್ಟೆ.

'ಇದು ಅವ್ವ ಅಲ್ಲ ಕಣ್ಲಾ' ಎಂದಳು ಅಕ್ಕ.

'ಅವ್ವನೇ ಅಕ್ಕ, ಸ್ಪೀಡ್ ಕಮ್ಮಿ ಆಗಿದೆ.'

'ಅವ್ವ ಇಂಗ್ ಎಳೀತಿರ್ನಿಲ್ಲ.'

ಗೆರೆ ಜೋರಾಗಿ ಎದ್ದು ಕೆಂಪು ಬಣ್ಣ ಮುಟ್ಟಿತು. ಕೆಂಪು ಮುಟ್ಟಬಾರದು ಎನ್ನುವಷ್ಟು ನನಗೆ ಗೊತ್ತಿತ್ತು. ಸದ್ದು ತಗ್ಗಿಸುವ ಗುಂಡಿ ಎಲ್ಲೋ ಕಳೆದುಹೋಯಿತು. ಹುಡುಕುತ್ತಾ ಹುಡುಕುತ್ತಾ ನಾನು ಬಾಯಿಗೆ ಬಂದಂತೆ ಬೈಯಲು ಶುರು ಮಾಡಿದೆ. ಲ್ಯಾಪ್‌ಟಾಪಿಗೆ, ವೈರಿಗೆ, ವೈರು ಮಾರಿದವನಿಗೆ, ಟೇಪ್‌ರೆಕಾರ್ಡರಿಗೆ, ಅದರ ಯಜಮಾನರಿಗೆ. ಪಕ್ಕದಲ್ಲಿ ಅಕ್ಕನ ಬಾಯಿ ನಿಲ್ಲುತ್ತಿರಲಿಲ್ಲ. ಏನೋ ಒಂದು ನಡೆದೇ ಇತ್ತು, ಕಿವಿಯ ಬುಡದಲ್ಲೇ. 'ಸುಮ್ಕಿರಕ್ಕ' ಎಂದೆ. ನಿಲ್ಲಿಸಲಿಲ್ಲ. ಗೆರೆ ಮತ್ತೆ ಕೆಂಪಾಯಿತು. 'ಅಕ್ಕ, ಸುಮ್ಕಿರು, ಪದ ಕೇಳುಸ್ತಾ ಇಲ್ಲ ನಂಗೆ' ಎಂದು ರೇಗಿದೆ. ಅಡುಗೆ ಮನೆಯಲ್ಲಿ ಕುಕ್ಕರು ಕೂಗಿತು. ಅದಕ್ಕೂ ಬೈದೆ.

ಆಮೇಲೆ ಟೇಪ್‌ರೆಕಾರ್ಡರಿನಿಂದ ಒಂದು ಕೆಟ್ಟ ಸದ್ದು ಬಂತು. ಅವ್ವನ ದನಿ ಇನ್ನೂ ದಪ್ಪವಾಗಿ, ಬಿಕ್ಕಿ, ನಿಂತುಹೋಯಿತು. ಮುಚ್ಚಳ ತೆಗೆದರೆ ಟೇಪು ಒಳಗಿನ ಉರುಳೆಗೆ ಸುತ್ತಿಕೊಂಡು ಕೂತಿದೆ. ಬಿಡಿಸಲು ಹೋದೆ. ನನ್ನ ಬೆರಳಿನಲ್ಲೇ ಕಿತ್ತು ಬಂತು. ಬರಿಯ ಎರಡು ತುಂಡಲ್ಲ, ಮುದುಡಿ ನುರಿದು ಚೂರಾಗಿತ್ತು. ಅಕ್ಕ ಬಾಯಿಗೆ ಸೆರಗು ಹಿಡಿದಳು. ತಮ್ಮ ಮುಂದೆ ಬಂದವನು ಅಲ್ಲೇ ನಿಂತ.

ನಾನು ಮಾತ್ರ ಶಾಂತನಾಗಿದ್ದೆ. ಅಷ್ಟು ಶಾಂತವಾಗಿ ನಾನು ನನ್ನ ಸರ್ವಿಸಿನಲ್ಲೇ ಇದ್ದದ್ದಿಲ್ಲ. 'ಯಾರೂ ಗಾಬರಿ ಆಗಬೇಡಿ' ಎಂದೆ. 'ಇದಕ್ಕೇ ನಾನು ಕಂಪ್ಯೂಟರಿಗೆ ಇಳಿಸಬೇಕು ಅಂದದ್ದು. ಪದ ಕೊನೇ ಹತ್ತಿರ ಬಂದಿತ್ತು. ಮುಕ್ಕಾಲು ಪಾಲಿಗಿಂತ ಜಾಸ್ತಿ ಒಳಗಿದೆ.' ಫೈಲು ಸೇವ್ ಮಾಡಿ, ಸದ್ದು ಪೂರ್ತಿ ಏರಿಸಿ, ಪ್ಲೇ ಒತ್ತಿ, ಕೈ ಕಟ್ಟಿಕೊಂಡು ಕೂತೆ.

ಮೊದಲು ಕೇಳಿಸಿದ್ದು ನನ್ನ ದನಿ. 'ಹೆದರಬೇಡಿ. ಇದು ವೈರಿನಲ್ಲಿ ಹೋಗೋದು.'

ಆಮೇಲೆ ಪಕ್ಕದ ಮನೆಯ ಮಗ್ಗ. ಅದರ ಹಿಂದೆ ಎಲ್ಲೋ ದೂರದಲ್ಲಿ, ದಪ್ಪಗೆ ಗೊರಗೊರ ಎನ್ನುತ್ತಾ ಅವ್ವ. ಎಲ್ಲೋ ಒಂದೊಂದು ಮಾತು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ನಾನು ಎದ್ದು ಲ್ಯಾಪ್‌ಟಾಪಿನ ವೈರು ಕಿತ್ತು, ಮತ್ತೆ ಕೆಂಪು ಗುಂಡಿ ಒತ್ತಿ ನೋಡಿದೆ. ವೈರು ನನ್ನ ಕೈಯಲ್ಲಿ ನೇತಾಡುತ್ತಿತ್ತು, ಗೆರೆ ಪಕ್ಕದ ಮನೆಯ ಮಗ್ಗಕ್ಕೆ ಸರಿಯಾಗಿ ಕುಣಿಯುತ್ತಿತ್ತು. ಒಂದು ಸಲ ಚಪ್ಪಾಳೆ ತಟ್ಟಿದೆ. ಗೆರೆ ಎಗರಿತು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಒಂದು ಪುಟ್ಟ ಮೈಕು ಇದೆ. ಇಷ್ಟು ದಿನ ಅದು ಕೇಳಿಸಿಕೊಂಡದ್ದು ವೈರನ್ನಲ್ಲ, ನಮ್ಮ ಮನೆಯನ್ನು. ಮೂಲೆಯಲ್ಲಿ ಎದ್ದ ಪ್ರಶ್ನೆ ಕೇಳಿದ್ದು ಅದನ್ನೇ, ನಾನು ಮುಚ್ಚಿದ್ದೂ ಅದನ್ನೇ.

'ಮುಂದಕ್ಕೆ ಓಗ್ಲಿ ದೊಡ್ಡಪ್ಪ, ನಿಲ್ಲಿಸ್ಬೇಡಿ' ಎಂದಳು ತಮ್ಮನ ಮಗಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಫೈಲನ್ನು ಮತ್ತೆ ಹಾಕಿದೆ, ಬೇರೇನು ಮಾಡಲಿ. ನನ್ನ ಬೈಗುಳ ಶುರುವಾಯಿತು. ಇಂಥಾ ಸ್ಪಷ್ಟ ರೆಕಾರ್ಡಿಂಗ್ ನಾನು ಕೇಳಿಲ್ಲ. 'ಈ ಮುದುಕನ ಡಬ್ಬಾ ತಂದು ನನ್ನ ತಲೆ ಮೇಲೆ ಹಾಕಿದ್ರು' ಎಂಬಲ್ಲಿಗೆ ಬಂದಾಗ ಹೆಂಡತಿ ಗೋಡೆಗೆ ತಿರುಗಿ ಹೊಟ್ಟೆ ಹಿಡಿದುಕೊಂಡಳು. 'ಮುದುಕನ್ಗ ಕಳುಸ್ತೀನಿ ತಾಳು ಇದ' ಎಂದು ಅಕ್ಕನೂ ನಕ್ಕಳು. ತಮ್ಮ ಒಬ್ಬ ನಗಲಿಲ್ಲ. ಅವನು ಬಗ್ಗಿ ಕಿವಿಯನ್ನು ಲ್ಯಾಪ್‌ಟಾಪಿನ ಹತ್ತಿರ ತಂದಿದ್ದ.

'ನೀನ್ ಬಾಯ್ ಮುಚ್ಚಣ್ಣ' ಎಂದ ಅವನು. ಹೇಳಿದ್ದು ನನಗಲ್ಲ, ಲ್ಯಾಪ್‌ಟಾಪಿನಲ್ಲಿ ಬೈಯುತ್ತಿದ್ದ ನನಗೆ.

ಆಗ ನಮಗೂ ಕೇಳಿಸಿತು. ನನ್ನ ಬೈಗುಳದ ಪಕ್ಕದಲ್ಲೇ, ಮೈಕಿಗೆ ನನ್ನಷ್ಟೇ ಹತ್ತಿರದಲ್ಲಿ, ಅಕ್ಕ ಪದ ಹೇಳುತ್ತಿದ್ದಳು. ಸೊಪ್ಪು ಮುಗಿದಿತ್ತು, ಹುಳ ಮುಗಿದಿತ್ತು, ನೂಲು ಬಿಚ್ಚುವವರ ನುಡಿಯಲ್ಲಿದ್ದಳು. ದೂರದಲ್ಲಿ ಅವ್ವ ಇನ್ನೂ ಸೊಪ್ಪಿನಲ್ಲೇ ಎಳೆಯುತ್ತಿದ್ದಳು. ಅಕ್ಕ ಟೇಪಿಗಾಗಿ ಕಾಯದೆ ತನ್ನ ಪಾಡಿಗೆ ಮುಂದೆ ಹೋಗಿಬಿಟ್ಟಿದ್ದಳು. ಬಣ್ಣದವರು ಬಂದರು, ಹಾಸಿನವರು ಬಂದರು. 'ಸುಮ್ಕಿರಕ್ಕ' ಎಂದು ನನ್ನ ದನಿ ಗದರಿತು. ಅಕ್ಕ ಒಂದು ನುಡಿಯನ್ನೂ ಬಿಡಲಿಲ್ಲ. 'ಅಕ್ಕ, ಸುಮ್ಕಿರು, ಪದ ಕೇಳುಸ್ತಾ ಇಲ್ಲ ನಂಗೆ.' ಕುಕ್ಕರು ಕೂಗಿತು. ಅಕ್ಕ ಸೀರೆಗೂ ಹುಡುಗಿಗೂ ಬುದ್ಧಿ ಹೇಳುವ ಕೊನೆಯ ನುಡಿಗೆ ಬಂದು, ಮುಗಿಸಿ, ಮೂಗು ಏರಿಸಿದಳು. ಅದಾದ ಎಷ್ಟೋ ಹೊತ್ತಿಗೆ ಟೇಪು ಕಿತ್ತುಹೋದ ಸದ್ದು ಬಂತು.

ಈ ಲೋಕದಲ್ಲಿ ದಡ್ಡರು ಬಹಳ ಇದ್ದಾರೆ. ಆದರೆ ಪದ ಕೇಳಿಸುತ್ತಿಲ್ಲ ಸುಮ್ಮನಿರು ಎಂದು ಪದ ಹೇಳುತ್ತಿರುವವಳಿಗೇ ಗದರಿಸಿ, ಅದನ್ನು ಸಾಕ್ಷಿಗೆ ರೆಕಾರ್ಡು ಬೇರೆ ಮಾಡಿ, ಮನೆಮಂದಿಯನ್ನು ಕರೆದು ಕೇಳಿಸಿದವನು ನಾನೊಬ್ಬನೇ ಇರಬೇಕು.

'ಅಕ್ಕ, ಪೂರ್ತಿ ಏಳಿದ್ದೀಯಲ್ಲ' ಎಂದ ತಮ್ಮ.

'ನಾನೆಲ್ಲ್ ಏಳ್ದೆ. ಟೇಪು ತಪ್ಪು ಏಳ್ತಿತ್ತು, ಸರಿ ಮಾಡ್ದೆ ಅಷ್ಟೆ. ಬಂದ್ ಮಾಡ್ಲಾ ಅದ.'

ಬಂದ್ ಮಾಡಿದೆ. ಅಕ್ಕನ ಮುಖ ಕೆಂಪಾಗಿತ್ತು. ಕಳ್ಳತನ ಸಿಕ್ಕಿಬಿದ್ದವರ ಹಾಗೆ ಅತ್ತ ಇತ್ತ ನೋಡಿ ಕೊನೆಗೆ ನನ್ನ ಮೇಲೆಯೇ ತಿರುಗಿದಳು.

'ಬತ್ತದ ಕಣ್ಲಾ. ಎಲ್ಲಾ ಬತ್ತದ. ಲಂಗ ಆಕಂಡು ಓಡಾಡ್ತಿದ್ದಾಗಿಂದ ಬತ್ತದ. ಬರಾಕಿಲ್ಲ ಅಂದದ್ದು ಸುಳ್ಳು. ಆ ಮಣೆ ಮ್ಯಾಲ ನಾನ್ ಕೂತು ಏಳಿದ್ರ ಅವ್ವ ಇಲ್ಲ ಅಂತ ಆಗೋಯ್ತದಲ್ಲಾ. ಕ್ಯಾಸೆಟ್ಟು ಸಿಕ್ತಲ್ಲ, ಅದ್ನೇ ಮಗ್ಗದ್ ತಾವ ಇಡವ, ಅವ್ವನೇ ಏಳ್ಲಿ, ನಾನ್ ಯಾವತ್ತಿನಂಗೆ ಪಕ್ಕದಲ್ ಕೂತ್ಕತೀನಿ ಅನ್ಕಂಡಿದ್ದೆ. ನೀನ್ ಅದ್ನೂ ಕಿತ್ ಆಕ್ದೆ.'

ಅಷ್ಟು ದಿನ ನಾನು ಒದ್ದಾಡಿದ್ದೂ ಅದಕ್ಕೇ. ಅಕ್ಕ ಕಲಿಯಲಿ ಎಂದು ಬಾಯಲ್ಲಿ ಹೇಳುತ್ತಿದ್ದೆ. ಒಳಗೊಳಗೆ ನನಗೂ ಅವ್ವನೇ ಹೇಳಲಿ ಎಂದಿತ್ತು. ಅದಕ್ಕೇ ಟೇಪಿನಲ್ಲಿ ಅವಳನ್ನು ಹುಡುಕುತ್ತಾ, ಮಗ್ಗುಲಲ್ಲಿ ಹೇಳುತ್ತಿದ್ದವಳನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. 'ತಪ್ಪಾಯ್ತು ಕಣಕ್ಕ' ಎಂದೆ.

ಅಕ್ಕ ಜಗ್ಗಲಿಲ್ಲ. ಟೇಪ್‌ರೆಕಾರ್ಡರಿಗೆ ಬಟ್ಟೆ ಹೊದಿಸಿ, ಮಧ್ಯಾಹ್ನದ ಬಸ್ಸಿಗೆ ಹನೂರಿಗೆ ಓಯ್ತೀನಿ ಎಂದು ಎದ್ದಳು. ಆಗ ತಮ್ಮನ ಮಗಳು ನೆಲದಿಂದ ಏಳದೆ, ಅವಸರವಿಲ್ಲದೆ ಹೇಳಿದಳು:

'ಓಗ್ಬನ್ನಿ ಅತ್ತೆ. ನೀವು ಏಳ್ದಿದ್ರ ಸೀರೆ ಅಲ್ಲೇ ಇರ್ಲಿ. ನಾನು ಅಂಗಡೀಲಿ ಒಂದು ತಕತೀನಿ.'

ನೇಕಾರರ ಮನೆಯಲ್ಲಿ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಅಕ್ಕ ತಿರುಗಿ ಅವಳನ್ನು ದುರುಗುಟ್ಟಿಕೊಂಡು ನೋಡಿದಳು. ಅವಳೂ ಕಣ್ಣು ತಗ್ಗಿಸಲಿಲ್ಲ. ನಮ್ಮ ಅವ್ವನ ಮೊಮ್ಮಗಳೇ ಸರಿ.

'ಎಷ್ಟು ಕೊಬ್ಬು ಇವಳ್ಗೆ' ಎಂದಳು ಅಕ್ಕ. ಆಮೇಲೆ ಟೇಪ್‌ರೆಕಾರ್ಡರನ್ನು ನನ್ನ ಕೈಗೆ ಕೊಟ್ಟು, 'ಮಣೆ ಎಲ್ಲದ?' ಎಂದು ಕೇಳಿದಳು.

ಮಣೆ ಹಾಕಿದೆವು. ತಮ್ಮ ಸೀರೆಯ ಮೇಲಿನ ಪಂಚೆ ತೆಗೆದ. ಹಸಿರು ಸೀರೆ, ಅಂಚಿಗೆ ಗಾಢ ಕೆಂಪು. ಅಷ್ಟು ದಿನದ ಮೇಲೆ ಅದನ್ನು ನೋಡಿ ನನಗೇ ನಾಚಿಕೆಯಾಯಿತು. ನಾನು ಫೋನು ಕೈಗೆತ್ತಿಕೊಳ್ಳುವುದನ್ನು ಕಂಡು ಅಕ್ಕ, 'ಅದ ಜೋಬಿಗೆ ಆಕು. ಆಕಿ ಬಾಯ್ ಮುಚ್ಕಂಡ್ ಕೂತ್ಕ' ಎಂದಳು. ಹಾಗೇ ಮಾಡಿದೆ.

ಅಕ್ಕ ಹೇಳಿದಳು. ಮೊದಲ ನುಡಿಗಳಲ್ಲಿ ದನಿ ನಡುಗುತ್ತಿತ್ತು, ಹುಳುವಿನ ಹತ್ತಿರ ಬಂದಾಗ ಗಟ್ಟಿಯಾಯಿತು. ಪಕ್ಕದ ಮನೆಯವರು ತಾವಾಗಿಯೇ ಮಗ್ಗ ನಿಲ್ಲಿಸಿದರು. ಅಕ್ಕ ಅವ್ವನ ಹಾಗೆ ಹೇಳಲಿಲ್ಲ, ತನ್ನ ಹಾಗೇ ಹೇಳಿದಳು. ಆದರೆ ಒಬ್ಬರನ್ನೂ ಬಿಡಲಿಲ್ಲ. ಹುಡುಗಿಯ ನುಡಿಗೆ ಬಂದಾಗ ತಮ್ಮನ ಮಗಳ ಗಲ್ಲ ಹಿಡಿದುಕೊಂಡು, ಅವಳ ಮುಖ ನೋಡಿಕೊಂಡೇ ಮುಗಿಸಿದಳು. ಆ ಹುಡುಗಿ ಅಂಗಡಿ ಸೀರೆಯ ಮಾತಾಡಿದವಳೆಂದು ಆಗ ಯಾರೂ ಹೇಳುತ್ತಿರಲಿಲ್ಲ, ಅಷ್ಟು ಅಳುತ್ತಿದ್ದಳು.

ಪದ ಮುಗಿದ ಮೇಲೆ ನೇಯ್ದವನು ಹೇಳಿದವಳನ್ನು ಒಂದು ಮಾತು ಕೇಳಿಯೇ ಕತ್ತರಿ ಹಾಕಬೇಕು. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗಿನಿಂದ ತಮ್ಮ ಕೇಳಿಕೊಂಡು ಬಂದ ಮಾತು ಅದು. ಕತ್ತರಿ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಅಭ್ಯಾಸದ ಬಲದ ಮೇಲೆ ಅವನು ಕೇಳಿದ:

'ಮುಗೀತಾ ಅವ್ವಾ, ಕುಯ್ಲಾ?'

ಕೇಳಿದ ಮೇಲೆ ಅವನಿಗೇ ಗೊತ್ತಾಯಿತು. ತಲೆ ಎತ್ತಲಿಲ್ಲ. ನಾವು ಯಾರೂ ಎತ್ತಲಿಲ್ಲ. ಅಕ್ಕ ತಿದ್ದುತ್ತಾಳೆ ಎಂದುಕೊಂಡೆ, ತಿದ್ದಲಿಲ್ಲ.

'ಮುಗೀತು ಕಣ್ ಮಗ' ಎಂದಳು. 'ಕುಯ್ಯಿ.'